ಛಲೋ ಅಂದವರು, ರೊಕ್ಕ ಕೊಟ್ಟವರು



ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಬೆಳಗಿನ ಆರೂವರೆಗೆಲ್ಲ ಹುರಿದ ಶೇಂಗಾದ ವಾಸನೆ ಹರಡಿಬಿಟ್ಟಿರುತ್ತದೆ. ಸ್ಟೇಷನ್ನಿನ ಕಡೆಯಿಂದ ಗಾಡಿಯ ಸಪ್ಪಳ, ಹಾಲಿನವರ ಕೂಗು, ಅದರ ಜೊತೆಗೇ ಈ ವಾಸನೆ. ನಮ್ಮ ಮನೆಯಿಂದ ನಾಲ್ಕನೇ ಮನೆಯಲ್ಲಿ ಒಬ್ಬರು ಕಾಕು ಇದ್ದಾರೆ. ವಯಸ್ಸು ಐವತ್ತೆಂಟು. ಶೇಂಗಾ ಹಿಂಡಿ ಮಾಡಿ ಮಾರುತ್ತಾರೆ. ಅವರ ಅಡಿಗೆಮನೆಯ ಕಿಟಕಿಗೆ ಒಂದು ನೋಟ್‌ಬುಕ್ಕು ದಾರದಲ್ಲಿ ಕಟ್ಟಿ ತೂಗುಬಿಟ್ಟಿದೆ. ಹೊಸ ಉದ್ಯಮದ ವಿಚಾರ ಹೊಳೆಯುವುದು ಹೇಗೆ, ಹೊಳೆದದ್ದು ನಡೆಯುತ್ತದೋ ಇಲ್ಲವೋ ಎಂದು ಮೊದಲೇ ತಿಳಿದುಕೊಳ್ಳುವುದು ಹೇಗೆ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ನನಗೆ ಹೇಳಿದಾಗ, ಕಣ್ಣ ಮುಂದೆ ಬಂದದ್ದು ಆ ನೋಟ್‌ಬುಕ್ಕು. ಅದರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಾನು ಕಳಕೊಂಡ ರೊಕ್ಕದ ಕತೆ ಹೇಳಬೇಕು.

1994ರಲ್ಲಿ ನಾನು, ನನ್ನ ಇಬ್ಬರು ಗೆಳೆಯರು ಕೂಡಿ ಊಟದ ಡಬ್ಬಿಯ ವ್ಯಾಪಾರ ಶುರು ಮಾಡಿದೆವು. ಧಾರವಾಡ ವಿದ್ಯಾರ್ಥಿಗಳ ಊರು. ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಇವುಗಳ ಸುತ್ತ ರೂಮು ಮಾಡಿಕೊಂಡು ಇರುವ ಹುಡುಗರು ಸಾವಿರಾರು. ಅವರಿಗೆ ಮನೆಯ ಊಟ ರೂಮಿಗೇ ಮುಟ್ಟಿಸಿದರೆ ಯಾರು ಬೇಡ ಅಂತಾರೆ? ಹೀಗೆ ನಮ್ಮ ಲೆಕ್ಕ. ಆದರೂ ಕೇಳಿ ನೋಡೋಣ ಎಂದು ಕೇಳಿದೆವು. ನಮ್ಮ ಸೋದರಮಾವನನ್ನು, ಶಾಲೆಯ ಮಾಸ್ತರರನ್ನು, ತಂದೆಯವರ ಗೆಳೆಯರನ್ನು, ಗುಡಿಗೆ ಬರುವ ಹಿರಿಯರನ್ನು ಕೇಳಿದೆವು. ನಲವತ್ತು ಮಂದಿಯಾದರೂ ಆಗಿರಬೇಕು. ಎಲ್ಲರದೂ ಒಂದೇ ಮಾತು: "ಭಾಳ ಛಲೋ ವಿಚಾರ. ಮಾಡ್ರಿ." ಹದಿನೆಂಟು ಸಾವಿರ ಸಾಲ ತಂದು ಅರವತ್ತು ಸ್ಟೀಲ್ ಡಬ್ಬಿ, ಎರಡು ಸೈಕಲ್, ದೊಡ್ಡ ಪಾತ್ರೆಗಳನ್ನು ಕೊಂಡೆವು. ಮೊದಲನೇ ತಿಂಗಳು ಹನ್ನೊಂದು ಗಿರಾಕಿ. ಮೂರನೇ ತಿಂಗಳಿಗೆ ನಾಲ್ಕು. ಸಾಲ ತೀರಿಸಲು ನನಗೆ ಮೂರು ವರ್ಷ ಹಿಡಿಯಿತು.

ಎಲ್ಲಿ ತಪ್ಪಿದೆವು ಎಂಬುದು ತಿಳಿದದ್ದು ಆಮೇಲೆ, ಒಂದು ಖಾನಾವಳಿಯಲ್ಲಿ ಕೂತಾಗ. ರಾತ್ರಿ ಎಂಟರ ಹೊತ್ತು. ಹುಡುಗರು ಆರಾರು ಮಂದಿ ಗುಂಪಾಗಿ ಬಂದು ಕೂಡುತ್ತಿದ್ದರು. ರೊಟ್ಟಿ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು, ತಿಂಗಳಿಗೆ ಒಮ್ಮೆ ರೊಕ್ಕ ಕೊಡಬಹುದು, ಊರಿನಿಂದ ಮನಿಆರ್ಡರ್ ಬರುವುದು ತಡವಾದರೆ ಮಾಲಕರು ಎಂಟು ದಿನ ಸುಮ್ಮನಿರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ದಿನವೆಲ್ಲ ಓದಿ ದಣಿದ ಹುಡುಗನಿಗೆ ಗೆಳೆಯರ ಜೊತೆ ಕೂತು ಮಾತಾಡುವ ಹೊತ್ತು ಅದೊಂದೇ. ನಾವು ಅವನಿಗೆ ಕೊಡಲು ಹೋದದ್ದು ರೂಮಿನಲ್ಲಿ ಒಬ್ಬನೇ ಕೂತು ಉಣ್ಣುವ ಊಟ. ಆ ಖಾನಾವಳಿಯಲ್ಲಿ ಎರಡು ರಾತ್ರಿ ಮೊದಲೇ ಕೂತಿದ್ದರೆ ಹದಿನೆಂಟು ಸಾವಿರ ಉಳಿಯುತ್ತಿತ್ತು. ನಾವು ಕೇಳಿದ ನಲವತ್ತು ಮಂದಿಯಲ್ಲಿ ನಮ್ಮ ಡಬ್ಬಿಯ ಊಟ ಉಣ್ಣುವವನು ಒಬ್ಬನೂ ಇರಲಿಲ್ಲ. ಅವರು ಸುಳ್ಳು ಹೇಳಲಿಲ್ಲ. ನಮ್ಮ ಮೇಲಿನ ಪ್ರೀತಿಯಿಂದ ಛಲೋ ಅಂದರು. ಆ ಪ್ರೀತಿಯನ್ನು ನಾವು ಬೇಡಿಕೆ ಎಂದು ತಿಳಿದೆವು.

ಈಗ ಕಾಕು ಅವರ ಮಾತು. ಯಜಮಾನರ ಪಿಂಚಣಿ ಸಾಲದಾದಾಗ ಏನಾದರೂ ಮಾಡಬೇಕೆಂದು ಅವರಿಗೆ ಅನಿಸಿತು. ಅವರ ಕೈಯ ಮೆಂತೇಹಿಟ್ಟು ಓಣಿಯಲ್ಲೆಲ್ಲ ಹೆಸರಾಗಿತ್ತು. ಅದನ್ನೇ ಹತ್ತು ಪಾಕೀಟು ಮಾಡಿ, ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ರೂಮುಗಳಿಗೆ ತಾವೇ ಹೋದರು. ಹೋದದ್ದು ಎರಡೇ ಪಾಕೀಟು. ಬಾಗಲಕೋಟೆ ಕಡೆಯ ಒಬ್ಬ ಹುಡುಗ, "ಛಲೋ ಐತ್ರಿ ಕಾಕು, ಆದ್ರ ಶೇಂಗಾ ಹಿಂಡಿ ಇಲ್ಲೇನ್ರಿ? ಊರಿಂದ ತಂದದ್ದು ಎಂಟು ದಿನಕ್ಕ ಮುಗೀತ್ರಿ" ಎಂದನಂತೆ. ಆ ಮಾತು ಹಿಡಿದುಕೊಂಡು ಮನೆಗೆ ಬಂದರು. ಮುಂದಿನ ವಾರ ಮೆಂತೇಹಿಟ್ಟು ಐದು, ಶೇಂಗಾ ಹಿಂಡಿ ಐದು ಪಾಕೀಟು ಒಯ್ದರು. ಹಿಂಡಿ ಎಲ್ಲ ಹೋಯಿತು.

ಅಲ್ಲಿಗೆ ಅವರು ಯಂತ್ರ ತರಲು ಓಡಲಿಲ್ಲ. ಮನೆಯ ಮಿಕ್ಸರಿನಲ್ಲೇ ಮಾಡಿದರು. ಕಾಲು ಕಿಲೋ ಪಾಕೀಟು ಮಾಡಿ ನೋಡಿದರು, ಓಡಲಿಲ್ಲ. ಕಾರಣ ಕೇಳಿದಾಗ ಗೊತ್ತಾಯಿತು: ರೂಮಿನಲ್ಲಿ ನಾಲ್ಕು ಜನ ಇರುತ್ತಾರೆ, ದೊಡ್ಡ ಪಾಕೀಟು ಒಡೆದರೆ ಒಂದೇ ರಾತ್ರಿಗೆ ಖಾಲಿ, ತಂದವನಿಗೆ ಉಳಿಯುವುದಿಲ್ಲ. ಐವತ್ತು ಗ್ರಾಮಿನದು ಮಾಡಿದರು. ಒಬ್ಬನೇ ಒಂದೆರಡು ದಿನ ತಿನ್ನಬಹುದು, ಕಿಸೆಯಲ್ಲಿಟ್ಟುಕೊಂಡು ಖಾನಾವಳಿಗೂ ಒಯ್ಯಬಹುದು. ಅದು ಹಿಡಿಯಿತು. ಬೆಳ್ಳುಳ್ಳಿ ಬೇಡ ಅನ್ನುವವರಿಗೆ ಬೇರೆ ಮಾಡಿದರು, ಅದಕ್ಕೆ ಗಿರಾಕಿ ಸಿಗಲಿಲ್ಲ, ಬಿಟ್ಟರು. ಇದೆಲ್ಲ ಸುಮಾರು ನಾಲ್ಕು ತಿಂಗಳಲ್ಲಿ ಆದದ್ದು. ಈ ನಾಲ್ಕು ತಿಂಗಳಲ್ಲಿ ಅವರು ಹೊಸದಾಗಿ ಹಾಕಿದ ಬಂಡವಾಳ ಎಂದರೆ ಶೇಂಗಾ, ಖಾರಪುಡಿ, ಪ್ಲಾಸ್ಟಿಕ್ ಕವರು, ಬಾಯಿ ಮುಚ್ಚುವ ಒಂದು ಸಣ್ಣ ಸೀಲಿಂಗ್ ಮಷೀನು.

ಆ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಗೆರೆ ಎಳೆದಿದ್ದಾರೆ. ಯಾರು ಒಯ್ದರು, ಯಾರು ಮತ್ತೆ ಬಂದರು, ಯಾರು ಬೇರೆ ಏನನ್ನು ಕೇಳಿದರು. ನಾನು ಒಮ್ಮೆ, ಎರಡನೇ ಸಾಲಿಗೆ ಮಾತ್ರ ಯಾಕೆ ಕೆಂಪು ಪೆನ್ನು ಎಂದು ಕೇಳಿದೆ. ಅವರು ಶೇಂಗಾದ ಸಿಪ್ಪೆ ಉದುರಿಸುತ್ತಲೇ ಹೇಳಿದರು: "ಮೊದಲನೇ ಸಲ ತೊಗೊಂಡವ್ರು ನನ್ನ ಮಾರಿ ನೋಡಿ ತೊಗೊಂಡಿರ್ತಾರಪಾ. ಎರಡನೇ ಸಲ ಬಂದವ್ರು ಹಿಂಡಿ ನೋಡಿ ಬಂದಿರ್ತಾರ." ಮಾರುಕಟ್ಟೆಯ ಪರೀಕ್ಷೆ ಎಂದು ಇಂದು ದೊಡ್ಡ ದೊಡ್ಡ ತರಬೇತಿಗಳಲ್ಲಿ ಕಲಿಸುವುದನ್ನು ನಾನು ಇಷ್ಟು ಸ್ವಚ್ಛವಾಗಿ ಬೇರೆಲ್ಲೂ ಕೇಳಿಲ್ಲ.

ಇನ್ನೊಂದು ವಿಷಯವನ್ನೂ ಆ ನೋಟ್‌ಬುಕ್ಕೇ ಕಲಿಸಿತು. ಗಿರಾಕಿ ಇದ್ದಾರೆ ಎಂದ ಮಾತ್ರಕ್ಕೆ ಉದ್ಯಮ ನಿಂತಿತು ಎಂದಲ್ಲ. ಒಂದು ಕಿಲೋ ಹಿಂಡಿಗೆ ಶೇಂಗಾ, ಖಾರ, ಬೆಳ್ಳುಳ್ಳಿ, ಜೀರಿಗೆ, ಗ್ಯಾಸು, ಕರೆಂಟು, ಕವರು ಎಲ್ಲ ಸೇರಿ 210 ರೂಪಾಯಿ ಬೀಳುತ್ತಿತ್ತು. ಐವತ್ತು ಗ್ರಾಮಿನ ಪಾಕೀಟಿಗೆ 15 ರೂಪಾಯಿಯಂತೆ ಇಪ್ಪತ್ತು ಪಾಕೀಟಿಗೆ 300. ದಿನಕ್ಕೆ ಮೂರು ಕಿಲೋ ಮಾಡಿದರೆ 270 ರೂಪಾಯಿ ಉಳಿತಾಯ ಎಂದು ಕಾಕು ಸಂತೋಷವಾಗಿದ್ದರು. ಆದರೆ ಅಷ್ಟರಲ್ಲಿ ಮಾರಾಟ ಅಂಗಡಿಗಳ ಮೂಲಕ ಆಗುತ್ತಿತ್ತು, ಅಂಗಡಿಯವರ ಪಾಲು ಪಾಕೀಟಿಗೆ ಮೂರು ರೂಪಾಯಿ. ಅರವತ್ತು ಪಾಕೀಟಿಗೆ 180 ಅಲ್ಲೇ ಹೋಯಿತು. ಉಳಿದದ್ದು 90. ನಾಲ್ಕು ತಾಸು ಒಲೆಯ ಮುಂದೆ ನಿಂತದ್ದಕ್ಕೆ 90 ರೂಪಾಯಿ! ಮಗಳು ರಜೆಗೆ ಬಂದಾಗ ಕೂತು ಈ ಲೆಕ್ಕ ಬಿಡಿಸಿದಳು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ದುಡಿಮೆಗೆ ಕೂಲಿ ಹಚ್ಚುವ ರೂಢಿ ಇಲ್ಲ. ಅದಕ್ಕೇ ಎಷ್ಟೋ ಗೃಹೋದ್ಯೋಗಗಳು ನಡೆದಂತೆ ಕಾಣುತ್ತವೆ, ನಡೆಸುವವರು ಮಾತ್ರ ಸೋಲುತ್ತ ಹೋಗುತ್ತಾರೆ. ಕಾಕು ಬೆಲೆಯನ್ನು 18 ಮಾಡಿದರು. ಕಾಯಂ ಗಿರಾಕಿಗಳಲ್ಲಿ ಐದು ಮಂದಿ ಬಿಟ್ಟರು, ಮೂವತ್ತೈದು ಮಂದಿ ಉಳಿದರು. ಹಿಂಡಿಯ ವ್ಯಾಪಾರ ನಿಜವಾಗಿ ನಿಂತದ್ದು ಆ ದಿನ ಎಂದು ನಾನು ತಿಳಿದಿದ್ದೇನೆ. ಬೆಲೆ ಏರಿದ ಮೇಲೂ ಬರುವ ಗಿರಾಕಿಗೆ ಆ ವಸ್ತು ನಿಜವಾಗಿ ಬೇಕಾಗಿದೆ.

ಸಣ್ಣದರಿಂದ ತೊಡಗುವುದು ಬಡತನದ ಲಕ್ಷಣ ಎಂದು ತಿಳಿಯುವವರಿಗೆ ಮುಂಬಯಿಯ ಗಿರಗಾಂವದ ಮಾತು ಹೇಳುತ್ತೇನೆ. 1959ರಲ್ಲಿ ಏಳು ಮಂದಿ ಹೆಣ್ಣುಮಕ್ಕಳು ಎಂಬತ್ತು ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ಮಾಡಿದ್ದು ನಾಲ್ಕು ಪಾಕೀಟು. ಅದೇ ಲಿಜ್ಜತ್ ಹಪ್ಪಳ. ನಾಲ್ಕು ಪಾಕೀಟು ಹೋಗುತ್ತವೆಯೇ ಎಂದು ನೋಡಿದ ಮೇಲೆ ಐದನೆಯದು.

ನಮ್ಮ ಸೀಮೆಯಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಕಠಿಣವಾದ ಒಂದು ಪರೀಕ್ಷೆ ನಡೆದಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬಯಿಯಲ್ಲಿ ತಾಂತ್ರಿಕ ಶಿಕ್ಷಣ ಸಂಸ್ಥೆಯಲ್ಲಿ ಕಲಿಸುತ್ತಿದ್ದರು. ಬರಬೇಕಾದ ಬಡ್ತಿ ತಪ್ಪಿದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿಯಲ್ಲಿ ನಿಂತರು. ಸೈಕಲ್ಲು ಮಾರುವುದರ ಜೊತೆಗೆ ಹೊಡೆಯುವುದನ್ನೂ ಕಲಿಸಿ ಅದಕ್ಕೆ ಬೇರೆ ರೊಕ್ಕ ತೆಗೆದುಕೊಳ್ಳುತ್ತಿದ್ದರು. ಆ ಕಾಲಕ್ಕೆ ಸೈಕಲ್ಲು ಶ್ರೀಮಂತರ ವಸ್ತು. ಸುತ್ತ ಇದ್ದವರು ರೈತರು. ಅವರಿಗೆ ಏನು ಬೇಕು ಎಂದು ನೋಡಿ ಕಿರ್ಲೋಸ್ಕರರು ಎರಡು ಸಾಮಾನು ಕೈಗೆತ್ತಿಕೊಂಡರು: ಕಣಿಕೆ ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ರಂಟಿ.

ರಂಟಿಯನ್ನು ಯಾರೂ ಮುಟ್ಟಲಿಲ್ಲ. ಕಬ್ಬಿಣ ಹೊಕ್ಕರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಮೊದಲ ರಂಟಿ ಮಾರಾಟವಾಗಲು ಎರಡು ವರ್ಷ ಬೇಕಾಯಿತು. ಇದನ್ನು ಓದಿದವರು ರೈತರ ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಕಣಿಕೆ ಕತ್ತರಿಸುವ ಯಂತ್ರದ ಲಾಭ ಅಂದೇ ಸಂಜೆಗೆ ಕಾಣುತ್ತದೆ. ಇಡೀ ಕಣಿಕೆ ಹಾಕಿದರೆ ದನ ದಪ್ಪ ದಂಟನ್ನು ಬಿಟ್ಟುಬಿಡುತ್ತದೆ, ಕತ್ತರಿಸಿ ಹಾಕಿದರೆ ತಿನ್ನುತ್ತದೆ, ಗ್ವಾದಲಿಯಲ್ಲಿ ಉಳಿದದ್ದನ್ನು ನೋಡಿದರೆ ಸಾಕು. ರಂಟಿಯ ಲಾಭ ಕಾಣಲು ಒಂದು ಪೂರ್ತಿ ಪೀಕು ಬರಬೇಕು. ತಪ್ಪಿದರೆ ರೈತ ಕಳಕೊಳ್ಳುವುದು ರಂಟಿಯ ಬೆಲೆಯನ್ನಲ್ಲ, ಮನೆಯ ಒಂದು ವರ್ಷದ ಜೋಳವನ್ನು. ಅವನ ಅಂಜಿಕೆಗೆ ಅರ್ಥವಿತ್ತು. ಹೊಸದನ್ನು ತರುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿದೆ: ನನ್ನ ವಸ್ತು ಕೈಕೊಟ್ಟರೆ ಕೊಂಡವನು ಏನನ್ನು ಕಳಕೊಳ್ಳುತ್ತಾನೆ? ಅವನ ನಷ್ಟ ದೊಡ್ಡದಿದ್ದಷ್ಟೂ ನಿಮ್ಮ ಕಾಯುವಿಕೆ ಉದ್ದ, ಕೈಯಲ್ಲಿ ಇರಬೇಕಾದ ರೊಕ್ಕವೂ ಹೆಚ್ಚು. ಕಿರ್ಲೋಸ್ಕರರು ಎರಡು ವರ್ಷ ತಡೆದರು. 1910ರಲ್ಲಿ ಔಂಧ ಸಂಸ್ಥಾನದ ರಾಜರು ಕೊಟ್ಟ ಬಂಜರು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಎಲ್ಲರಿಗೂ ಎರಡು ವರ್ಷ ತಡೆಯುವ ಶಕ್ತಿ ಇರುವುದಿಲ್ಲ. ಇಲ್ಲದವರು ಅಂದೇ ಸಂಜೆಗೆ ಲಾಭ ಕಾಣಿಸುವ ವಸ್ತುವಿನಿಂದ ತೊಡಗುವುದು ಲೇಸು ಎಂದು ನನ್ನ ಅಭಿಪ್ರಾಯ.

ಮುಂಚೆಯೇ ರೊಕ್ಕ ಪಡೆದು ಪರೀಕ್ಷೆ ಮಾಡುವ ಇನ್ನೊಂದು ದಾರಿಯನ್ನು ನಮ್ಮ ಧಾರವಾಡವೇ ತೋರಿಸಿದೆ. ಅದನ್ನು ಉದ್ಯಮದ ಕತೆಯಾಗಿ ಯಾರೂ ಹೇಳುವುದಿಲ್ಲ, ಸಾಹಿತ್ಯದ ಕತೆಯಾಗಿ ಹೇಳುತ್ತಾರೆ. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಪ್ರಾರಂಭಿಸಿದರು. ಆ ಕಾಲವನ್ನು ನೆನೆಸಿಕೊಳ್ಳಿರಿ. ಜಗತ್ತಿನಲ್ಲೆಲ್ಲ ಆರ್ಥಿಕ ಮುಗ್ಗಟ್ಟು. ಕನ್ನಡ ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಪುಸ್ತಕ ಕೊಂಡು ಓದುವವರು ಎಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಹೇಳಬಲ್ಲವರಿರಲಿಲ್ಲ. ಸಾವಿರ ಪ್ರತಿ ಅಚ್ಚು ಹಾಕಿ ಗಿರಾಕಿಗಾಗಿ ಕಾಯುವುದಾಗಿದ್ದರೆ ಗ್ರಂಥಮಾಲೆ ಎರಡನೇ ಪುಸ್ತಕ ಕಾಣುತ್ತಿರಲಿಲ್ಲ. ಜೋಶಿಯವರು ಊರೂರು ಸುತ್ತಿ ಚಂದಾದಾರರನ್ನು ಕೂಡಿಸಿದರು. ಓದುಗ ಮೊದಲು ಚಂದಾ ಕೊಡುತ್ತಾನೆ, ಪುಸ್ತಕ ಆಮೇಲೆ ಅವನ ಮನೆಗೆ ಬರುತ್ತದೆ. ಚಂದಾ ಬರದಿದ್ದರೆ ಕಾಗದಕ್ಕೆ ರೊಕ್ಕ ಹಾಕುವ ಮೊದಲೇ ಗೊತ್ತಾಗುತ್ತದೆ. ಬಂದರೆ ಎಷ್ಟು ಪ್ರತಿ ಹಾಕಬೇಕು ಎಂಬುದೂ ಗೊತ್ತಾಗುತ್ತದೆ.

ಸುಭಾಸ ರಸ್ತೆಯಲ್ಲಿ ಗ್ರಂಥಮಾಲೆಯ ಅಟ್ಟವನ್ನು ಏರಿದವರಿಗೆ ಅಲ್ಲಿಯ ಮರದ ಮೆಟ್ಟಿಲು ನೆನಪಿರುತ್ತದೆ. 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ನಾಟಕವನ್ನು ಹೊರತಂದದ್ದು ಇದೇ ಗ್ರಂಥಮಾಲೆ. ಆಗ ಅವರು ಇಪ್ಪತ್ತಮೂರರ ಹುಡುಗ, ಮೊದಲ ನಾಟಕ. ನಂಬುವ ಓದುಗರ ಬಳಗ ಬೆನ್ನಿಗೆ ಇದ್ದ ಪ್ರಕಾಶಕನಿಗೆ ಹೊಸಬನ ಕೈಹಿಡಿಯುವ ಧೈರ್ಯ ಇರುತ್ತದೆ. ಮುಂಗಡದ ಈ ದಾರಿ ಇಂದಿಗೂ ನಡೆದೀತು. ಯಾರಾದರೂ ಹುಡುಗಿ ಬಂದು, ನಾನು ಮನೆಮನೆಗೆ ಹೋಗಿ ಮಕ್ಕಳಿಗೆ ಆಟಿಕೆಯಿಂದ ಗಣಿತ ಕಲಿಸುವ ಕೆಲಸ ಪ್ರಾರಂಭಿಸಬೇಕು, ಎಷ್ಟು ಸಾಲ ತೆಗೆಯಲಿ ಎಂದು ಕೇಳಿದರೆ ನಾನು ಹೇಳುವುದು ಇಷ್ಟೇ: ಮೊದಲು ಹದಿನೈದು ತಾಯಂದಿರಿಂದ ಒಂದು ತಿಂಗಳ ಶುಲ್ಕ ಮುಂಗಡ ತೆಗೆದುಕೊಂಡು ಬಾ. ಏಳು ಮಂದಿ ಕೊಟ್ಟರೆ ಏಳರಿಂದಲೇ ಪ್ರಾರಂಭಿಸು. ಒಬ್ಬರೂ ಕೊಡದಿದ್ದರೆ ಅವರ ಮನೆಯಲ್ಲಿ ಕೂತು, ಮಕ್ಕಳ ಓದಿನಲ್ಲಿ ಅವರಿಗೆ ನಿಜವಾದ ಚಿಂತೆ ಯಾವುದು ಎಂದು ಕೇಳು. ಆ ಮಾತಿನಲ್ಲಿ ಬೇರೆ ಕೆಲಸ ಸಿಕ್ಕೀತು.

ಹಾಗಾದರೆ ವಿಚಾರ ಎಲ್ಲಿ ಹುಡುಕಬೇಕು? ಊರಲ್ಲಿ ಯಾವುದು ಇದ್ದೂ ಅದಕ್ಕೆ ಹೊರಗೆ ಹೋಗುವ ದಾರಿ ಇಲ್ಲವೋ, ಅಲ್ಲಿ ನೋಡಬೇಕು. ಉತ್ತರ ಪ್ರದೇಶದ ಉನ್ನಾವದ ಕಡೆಯಿಂದ ಧಾರವಾಡಕ್ಕೆ ಬಂದು ನೆಲೆಸಿದ ಠಾಕೂರ ಮನೆತನದವರು ಇಲ್ಲಿ ಏನು ಕಂಡರು? ಗವಳಿಗರ ಎಮ್ಮೆಗಳು, ಗಟ್ಟಿ ಹಾಲು. ಮಾಳಮಡ್ಡಿಗೆ ಹತ್ತಿದ ಎಮ್ಮಿಕೇರಿಯ ಹೆಸರಿನಲ್ಲೇ ಎಮ್ಮೆ ಇದೆ. ಹಾಲು ಸಂಜೆಗೆ ಕೆಡುತ್ತದೆ. ಖವಾ ಮಾಡಿ, ಸಕ್ಕರೆ ಸೇರಿಸಿ ಕಂದು ಬಣ್ಣ ಬರುವ ತನಕ ಹುರಿದರೆ ದಿನಗಟ್ಟಲೆ ತಡೆಯುತ್ತದೆ, ರೈಲಿನಲ್ಲಿ ಊರೂರಿಗೆ ಹೋಗುತ್ತದೆ. ಅವರಲ್ಲಿದ್ದದ್ದು ಪೇಡೆ ಮಾಡುವ ಕೈ, ಊರಲ್ಲಿದ್ದದ್ದು ಹಾಲು. ಧಾರವಾಡದ ಆ ಪೇಡೆಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ವಿಜಯ ಸಂಕೇಶ್ವರರು ಗದಗಿನ ಪುಸ್ತಕ ಮುದ್ರಣದ ಮನೆತನದವರು. 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾರಿಗೆಗೆ ಇಳಿದರು. ಹುಬ್ಬಳ್ಳಿಯಲ್ಲಿ ಬೆಳೆದ ಅವರ ಸಾರಿಗೆ ಸಂಸ್ಥೆಯ ಬೆನ್ನೆಲುಬು, ಲಾರಿ ತುಂಬುವಷ್ಟು ಮಾಲು ಇಲ್ಲದ ವ್ಯಾಪಾರಿಗಳ ಪಾರ್ಸೆಲ್ಲು. ಎರಡು ಗಂಟು ಬಟ್ಟೆ, ನಾಲ್ಕು ಪೆಟ್ಟಿಗೆ ಬಿಡಿಭಾಗ ಕಳಿಸಬೇಕಾದವನು ಇಡೀ ಲಾರಿ ಹಿಡಿಯಲಾರ. ಇಂಥವರು ನಮ್ಮ ಪೇಟೆಗಳಲ್ಲಿ ಎಷ್ಟು ಮಂದಿ ಎಂಬುದು ಪೇಟೆಯಲ್ಲಿ ಓಡಾಡಿದವರಿಗೇ ತಿಳಿದೀತು.

ಈ ಹುಡುಕಾಟದಲ್ಲಿ ಜೊತೆಗೆ ನಿಲ್ಲುವವರೂ ಇದ್ದಾರೆ. ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕಂಪನಿಗಳನ್ನು ಕಟ್ಟಿದ ಗುರುರಾಜ ದೇಶಪಾಂಡೆಯವರು 2002ರಲ್ಲಿ ಅಲ್ಲಿಯ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಒಂದು ಕೇಂದ್ರ ತೆರೆಯಲು ನೆರವಾದರು. ಪ್ರಯೋಗಶಾಲೆಯಲ್ಲಿ ಕಂಡುಹಿಡಿದದ್ದನ್ನು ಪೇಟೆಗೆ ಮುಟ್ಟಿಸುವುದು ಅದರ ಕೆಲಸ. ಅಷ್ಟು ದೊಡ್ಡ ವಿಜ್ಞಾನಿಗಳಿಗೂ, ಇದು ಯಾರಿಗೆ ಬೇಕು ಎಂದು ಪಕ್ಕದಲ್ಲಿ ನಿಂತು ಕೇಳುವವರು ಬೇಕಾದರು ಎಂಬುದು ಗಮನಿಸಬೇಕಾದ ಮಾತು. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ಇಲ್ಲಿಯ ತರುಣರಿಗೆ, ಸಣ್ಣ ಉದ್ಯಮಿಗಳಿಗೆ ಬೆನ್ನಾಗಿ ನಿಂತಿದೆ. ಧಾರವಾಡದಲ್ಲೇ ಉದ್ಯಮದ ತರಬೇತಿ ಕೊಡುವ ಸಿಡಾಕ್ ಇದೆ, ರುಡ್‌ಸೆಟ್ ಸಂಸ್ಥೆ ಇದೆ. ಹೋಗಿ ಕೇಳಿರಿ. ಆದರೆ ತರಬೇತಿಯ ಪ್ರಮಾಣಪತ್ರವನ್ನು ಗಿರಾಕಿ ನೋಡುವುದಿಲ್ಲ, ಅದು ನೆನಪಿರಲಿ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಒಂದು ಸಣ್ಣ ಮೇಜು ಸಿಕ್ಕರೆ ತಿಂಗಳ ತರಬೇತಿಯ ಬುದ್ಧಿ ನಾಲ್ಕು ದಿನದಲ್ಲಿ ಬರುತ್ತದೆ. ನಿಮ್ಮ ಗುರುತಿಲ್ಲದ, ನಿಮ್ಮ ಮನೆತನ ಗೊತ್ತಿಲ್ಲದ ಜನ ಸಾವಿರಗಟ್ಟಲೆ ಎದುರಿಗೆ ಹಾಯ್ದುಹೋಗುತ್ತಾರೆ. ಯಾರು ನಿಲ್ಲುತ್ತಾರೆ, ಯಾವ ಮಾತಿಗೆ ನಿಲ್ಲುತ್ತಾರೆ, ಬೆಲೆ ಕೇಳಿ ಯಾರು ಸಾಮಾನು ಕೆಳಗಿಡುತ್ತಾರೆ ಎಂದು ಬರೆದಿಟ್ಟುಕೊಳ್ಳಿರಿ.

ಬಿಡುವುದನ್ನೂ ಕಲಿಯಬೇಕು. ಡಬ್ಬಿಯ ವ್ಯಾಪಾರದಲ್ಲಿ ನಾವು ಎರಡನೇ ತಿಂಗಳೇ ಬಿಡಬಹುದಿತ್ತು. ಜನ ಏನಂದಾರು ಎಂದು ಎಳೆದೆವು, ಅಷ್ಟೂ ದಿನದ ಅಕ್ಕಿ ಬೇಳೆಯ ಖರ್ಚು ಸಾಲದ ಮೇಲೆ ಬಿತ್ತು. ಪ್ರಾರಂಭಿಸುವ ದಿನವೇ ಕಾಗದದಲ್ಲಿ ಬರೆದಿಡಿರಿ: ಇಷ್ಟು ರೊಕ್ಕ, ಇಷ್ಟು ತಿಂಗಳು, ಇಷ್ಟು ಮಂದಿ ಎರಡನೇ ಸಲ ಬರಬೇಕು. ಬರದಿದ್ದರೆ ಈ ವಿಚಾರ ಇಲ್ಲಿಗೆ ಸಾಕು. ಕಾಕು ಮೆಂತೇಹಿಟ್ಟನ್ನು ಬಿಟ್ಟದ್ದಕ್ಕೇ ಹಿಂಡಿ ಬಂತು. ತಮ್ಮ ಕೈಯ ಅತ್ಯಂತ ಪ್ರೀತಿಯ ಅಡಿಗೆಯನ್ನು ಬಿಡುವುದು ಅವರಿಗೆ ಸುಲಭವಾಗಿರಲಿಲ್ಲ. ಈಗಲೂ ಆ ಮಾತು ಬಂದರೆ ಅವರ ದನಿ ಸಣ್ಣದಾಗುತ್ತದೆ.

ಕೊನೆಗೆ, ಉದ್ಯಮ ಮಾಡುವವರಿಗಲ್ಲ, ಮನೆಯಲ್ಲಿ ಕೂತು ಕೇಳುತ್ತಿರುವ ಹಿರಿಯರಿಗೆ ಒಂದು ಬಿನ್ನಹ. ನಿಮ್ಮ ಓಣಿಯ ಹುಡುಗನೋ ಹುಡುಗಿಯೋ ಹೊಸದಾಗಿ ಏನನ್ನಾದರೂ ಮಾಡಿಕೊಂಡು ನಿಮ್ಮ ಬಾಗಿಲಿಗೆ ಬಂದರೆ, ಪುಕ್ಕಟೆ ರುಚಿ ನೋಡಿ ಛಲೋ ಆಗೇದ ಎಂದು ಬೆನ್ನು ತಟ್ಟಿ ಕಳಿಸಬೇಡಿರಿ. ಬೇಕಿದ್ದರೆ ಪೂರ್ತಿ ಬೆಲೆ ಕೊಟ್ಟು ಕೊಳ್ಳಿರಿ. ಬೇಡವಾದರೆ ಯಾಕೆ ಬೇಡ ಎಂದು ಬಾಯಿಬಿಟ್ಟು ಹೇಳಿರಿ. ಉಪ್ಪು ಹೆಚ್ಚಾಗಿದ್ದರೆ ಹೆಚ್ಚಾಗಿದೆ ಅನ್ನಿರಿ. 1994ರಲ್ಲಿ ನಾವು ಕೇಳಿದ ನಲವತ್ತು ಮಂದಿಯಲ್ಲಿ ಒಬ್ಬರು, "ಹುಡುಗರು ಖಾನಾವಳಿ ಬಿಟ್ಟು ಯಾಕ ಬರ್ತಾರೋ?" ಎಂದು ಕೇಳಿದ್ದರೆ ಸಾಕಾಗಿತ್ತು.